ಇಸೆ ಜಿಂಗೂ: ಗೆಕೂವಿನಿಂದ ನೈಕೂವಿಗೆ, ಕಾಡಿನ ನಡುವೆ ಒಂದು ದಿನ

ಜಪಾನಿನ ಇಸೆ ಜಿಂಗೂಗೆ ಹೋಗಿ ಬಂದವರು ಹೇಳುವ ದೂರು ಒಂದಿದೆ: ಅಷ್ಟು ದೂರ ಹೋದರೂ ನೋಡೋದಕ್ಕೆ ಏನೂ ಸಿಗಲಿಲ್ಲ. ದೂರಿನಲ್ಲಿ ಅರ್ಧ ನಿಜವಿದೆ. ಇಲ್ಲಿ ಮೂರ್ತಿಯ ದರ್ಶನವಿಲ್ಲ. ಮುಖ್ಯ ಗುಡಿಯ ಸುತ್ತ ನಾಲ್ಕು ಸುತ್ತು ಬೇಲಿ. ಸಾಮಾನ್ಯ ಭಕ್ತರು ಹೊರಬೇಲಿಯ ಬಾಗಿಲಿಗೆ ಇಳಿಬಿಟ್ಟ ಬಿಳಿ ಪರದೆಯ ಮುಂದೆ ನಿಂತು ಕೈಮುಗಿದು ಬರಬೇಕು. ಅಲ್ಲಿ ಫೋಟೊ ತೆಗೆಯುವಂತಿಲ್ಲ. ಗಂಟೆ, ಭವಿಷ್ಯದ ಚೀಟಿ, ಬಾಗಿಲು ಕಾಯುವ ಸಿಂಹದ ಜೋಡಿ ಮುಂತಾಗಿ ಬೇರೆ ಶಿಂತೋ ಗುಡಿಗಳಲ್ಲಿ ಕಾಣುವ ಯಾವುದೂ ಇಲ್ಲಿಲ್ಲ. ಆದರೆ ಏನನ್ನು ಎಲ್ಲಿ ನಿಂತು ನೋಡಬೇಕು, ಎಷ್ಟು ಹೊತ್ತಿಗೆ ಹೋಗಬೇಕು ಎಂಬುದು ಮೊದಲೇ ಗೊತ್ತಿದ್ದರೆ ಈ ಜಾಗ ಬೇರೆಯೇ ಆಗಿ ಕಾಣುತ್ತದೆ. ಇಡೀ ಇಸೆಯ ಯಾತ್ರೆ ನಡಿಗೆಯ ಯಾತ್ರೆ, ಮತ್ತು ಕಾಡು ಗುಡಿಯ ಹಿನ್ನೆಲೆಯಲ್ಲ, ಗುಡಿಯದೇ ಭಾಗ.

ಮಿಯೆ ಪ್ರಾಂತ್ಯದ ಇಸೆ ಪಟ್ಟಣದಲ್ಲಿ ಮತ್ತು ಸುತ್ತಮುತ್ತ ಹರಡಿರುವ 125 ಗುಡಿಗಳೆಲ್ಲ ಸೇರಿ 'ಜಿಂಗೂ'. ಅವುಗಳಲ್ಲಿ ಎರಡು ಮುಖ್ಯ. ಸೂರ್ಯದೇವತೆ ಅಮತೆರಾಸು ಓಮಿಕಾಮಿಯದು ನೈಕೂ, ಅಂದರೆ ಒಳಗುಡಿ. ಅನ್ನ, ಬೆಳೆ, ಬಟ್ಟೆ, ವಸತಿಯ ದೇವತೆ ತೊಯೊಉಕೆ ಓಮಿಕಾಮಿಯದು ಗೆಕೂ, ಹೊರಗುಡಿ. ಸಂಪ್ರದಾಯದ ಲೆಕ್ಕದಲ್ಲಿ ನೈಕೂಗೆ ಎರಡು ಸಾವಿರ ವರ್ಷ, ಗೆಕೂಗೆ ಸಾವಿರದ ಐನೂರು. ಎರಡರ ನಡುವೆ ಸುಮಾರು 5 ಕಿಲೋಮೀಟರ್ ದೂರವಿದೆ. ಮೊದಲು ಗೆಕೂ, ಆಮೇಲೆ ನೈಕೂ ಎಂಬುದು ಹಳೆಯ ಕ್ರಮ. ಒಂದನ್ನಷ್ಟೇ ನೋಡಿ ಬರುವುದನ್ನು 'ಕಾತಾ ಮಾಯಿರಿ', ಅರೆ ಯಾತ್ರೆ, ಎನ್ನುತ್ತಾರೆ. ಪ್ರವಾಸಿ ಬಸ್ಸುಗಳು ಬಹಳಷ್ಟು ಸಲ ನೈಕೂಗೆ ಮಾತ್ರ ಕರೆದೊಯ್ಯುತ್ತವೆ. ಸ್ವಂತವಾಗಿ ಹೋಗುವವರು ಹಾಗೆ ಮಾಡಬೇಕಿಲ್ಲ.

ರೈಲು: ಇಲ್ಲೇ ಹೆಚ್ಚು ಎಡವುವುದು

ನಾಗೋಯಾದಿಂದ ಕಿಂತೆತ್ಸು ಕಂಪನಿಯ ಎಕ್ಸ್‌ಪ್ರೆಸ್ ರೈಲಿನಲ್ಲಿ ಇಸೆಶಿ ನಿಲ್ದಾಣಕ್ಕೆ ಸುಮಾರು 80 ನಿಮಿಷ, ಒಸಾಕಾದ ನಂಬಾದಿಂದ ಒಂದೂಮುಕ್ಕಾಲು ಗಂಟೆ, ಕ್ಯೋತೊದಿಂದ ಹೆಚ್ಚುಕಡಿಮೆ ಎರಡು ಗಂಟೆ. ಈ ಎಕ್ಸ್‌ಪ್ರೆಸ್‌ಗೆ ಸಾಮಾನ್ಯ ಟಿಕೆಟ್ ಸಾಲದು, ಆಸನದ ಟಿಕೆಟ್ಟನ್ನು ಬೇರೆಯಾಗಿ ಕೊಳ್ಳಬೇಕು. ರೈಲಿನ ಪ್ರಯಾಣ ಕಾರ್ಡ್ ತಟ್ಟಿ ಒಳಗೆ ಹೋಗಿ ಕೂತುಬಿಟ್ಟರೆ ಕಂಡಕ್ಟರ್ ಬಂದು ಬಾಕಿ ಹಣ ಕೇಳುತ್ತಾನೆ.

ಭಾರತದಿಂದ ಹೋಗುವ ಹಲವರು ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಕೊಂಡಿರುತ್ತಾರೆ. ಆ ಪಾಸ್ ಕಿಂತೆತ್ಸುವಿನಲ್ಲಿ ನಡೆಯುವುದಿಲ್ಲ. ನಾಗೋಯಾದಿಂದ ಜೆಆರ್‌ನ 'ಮಿಯೆ' ವೇಗದ ರೈಲಿದೆ, ಅದರಲ್ಲಿ ಪಾಸ್ ನಡೆಯುತ್ತದೆ. ಆದರೆ ದಾರಿಯಲ್ಲಿ ಕವಾರದಾ ಮತ್ತು ತ್ಸು ನಿಲ್ದಾಣಗಳ ನಡುವಿನ ತುಂಡು ಇಸೆ ರೈಲ್ವೆ ಎಂಬ ಬೇರೆ ಕಂಪನಿಯದು. ಅದಕ್ಕೆ ಪಾಸ್ ಇದ್ದವರೂ ಪ್ರತ್ಯೇಕವಾಗಿ ಹಣ ಕೊಡಬೇಕು, ತಲೆಗೆ ಐನೂರು ಯೆನ್‌ನ ಆಸುಪಾಸು. ಚಿಲ್ಲರೆ ಕೈಯಲ್ಲಿರಲಿ. ಪಾಸ್ ಇಲ್ಲದವರು ಈ ದಾರಿಗೆ ಕಾರ್ಡ್ ನಂಬಿಕೊಳ್ಳದೆ ಕಾಗದದ ಟಿಕೆಟ್ ತೆಗೆದುಕೊಳ್ಳುವುದು ಕ್ಷೇಮ.

ಇಳಿಯಬೇಕಾದ್ದು ಇಸೆಶಿಯಲ್ಲಿ. ಕಿಂತೆತ್ಸು ಮತ್ತು ಜೆಆರ್ ಎರಡೂ ಒಂದೇ ನಿಲ್ದಾಣದಲ್ಲಿವೆ, ಬಾಗಿಲು ಮಾತ್ರ ಬೇರೆ ಬೇರೆ. ಯಾವ ರೈಲಿನಲ್ಲಿ ಬಂದರೂ ದಕ್ಷಿಣಕ್ಕಿರುವ ಜೆಆರ್ ಬಾಗಿಲಿನಿಂದ ಹೊರಬನ್ನಿ. ಎದುರಿಗೇ ಮರದ ದೊಡ್ಡ ತೋರಿ (ಎರಡು ಕಂಬ, ಎರಡು ಅಡ್ಡತೊಲೆಯ ಹೆಬ್ಬಾಗಿಲು) ನಿಂತಿದೆ. ಅದರಾಚೆಯ ನೇರ ರಸ್ತೆಯಲ್ಲಿ ಐದಾರು ನಿಮಿಷ ನಡೆದರೆ ಗೆಕೂ. ದೊಡ್ಡ ಪೆಟ್ಟಿಗೆಗಳನ್ನು ನಿಲ್ದಾಣದ ಲಾಕರಿನಲ್ಲೇ ಬಿಟ್ಟುಬಿಡಿ. ಎರಡೂ ಗುಡಿಗಳ ದಾರಿ ಉದ್ದಕ್ಕೂ ದಪ್ಪ ಉರುಟು ಜಲ್ಲಿ, ಚಕ್ರದ ಪೆಟ್ಟಿಗೆ ನಾಲ್ಕು ಹೆಜ್ಜೆ ಉರುಳುವುದಿಲ್ಲ.

ಹೊತ್ತು ಮತ್ತು ದಿನ

ಎರಡೂ ಗುಡಿ ಬೆಳಗ್ಗೆ 5 ಗಂಟೆಗೆ ತೆರೆಯುತ್ತವೆ. ಮುಚ್ಚುವ ಹೊತ್ತು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ: ಮೇಯಿಂದ ಆಗಸ್ಟ್‌ವರೆಗೆ ಸಂಜೆ 7, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ 5, ಉಳಿದ ತಿಂಗಳುಗಳಲ್ಲಿ 6. ಪ್ರವೇಶ ಶುಲ್ಕವಿಲ್ಲ. ಗೆಕೂಗೆ ಒಂದು ಗಂಟೆ, ಬಸ್ಸಿಗೆ ಕಾಯುವುದೂ ಸೇರಿ ಅರ್ಧ ಗಂಟೆ, ನೈಕೂಗೆ ಒಂದೂವರೆ ಗಂಟೆ ಇಟ್ಟುಕೊಂಡರೆ ಆತುರವಾಗುವುದಿಲ್ಲ. ಒಸಾಕಾದಿಂದ ಬೆಳಗ್ಗೆ ಹೊರಟು ಸಂಜೆ ಮರಳಬಹುದು ನಿಜ. ಆದರೆ ಹಾಗೆ ಬಂದವರು ನೈಕೂ ಮುಟ್ಟುವುದು ನಡುಹಗಲಿನಲ್ಲಿ, ಬಸ್ಸುಗಟ್ಟಲೆ ಜನರ ಜೊತೆ. ಒಂದು ರಾತ್ರಿ ಇಸೆಯಲ್ಲಿ ಉಳಿದು ಬೆಳಗ್ಗೆ ಆರರ ಸುಮಾರಿಗೆ ಹೊರಡುವುದಕ್ಕೂ ಅದಕ್ಕೂ ಅಜಗಜಾಂತರ. ಅಷ್ಟು ಹೊತ್ತಿಗೆ ಬಸ್ಸು ಸಿಗುವುದು ಕಷ್ಟ, ಆದ್ದರಿಂದ ನಡೆದು ಮುಟ್ಟುವ ಗೆಕೂವನ್ನೇ ಮೊದಲು ಮುಗಿಸುವ ಕ್ರಮ ಹೇಗೂ ಅನುಕೂಲ.

ಜನವರಿಯ ಮೊದಲ ದಿನಗಳನ್ನು ಬಿಟ್ಟುಬಿಡಿ. ಆಗ ವಾಹನಗಳಿಗೆ ನಿರ್ಬಂಧವಿರುತ್ತದೆ, ನೈಕೂವಿನ ಪ್ರವೇಶದಲ್ಲಿರುವ ಉಜಿ ಸೇತುವೆಯ ಮೇಲೆ ಜನ ಇಂಚಿಂಚಾಗಿ ಸರಿಯುತ್ತಾರೆ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಗ್ಗೆಯೂ ಜನ ಹೆಚ್ಚು, ಆ ದಿನ ಗುಡಿಗೆ ಹೋಗುವುದು ಊರವರ ರೂಢಿ. ಆದರೆ 1, 11, 21ರಂದು ಬೆಳಗ್ಗೆ ದೇವರ ಕುದುರೆಯನ್ನು ಮುಖ್ಯ ಗುಡಿಯವರೆಗೆ ನಡೆಸಿಕೊಂಡು ಹೋಗುವುದುಂಟು; ಮಳೆ ಬಂದರೆ, ಕುದುರೆಗೆ ಆರೋಗ್ಯ ಸರಿಯಿಲ್ಲದಿದ್ದರೆ ಇಲ್ಲ. ಅದನ್ನು ನೋಡುವಾಸೆ ಇದ್ದವರಿಗೆ 11 ಅಥವಾ 21 ಒಳ್ಳೆಯದು. ಚಳಿಗಾಲದ ಅತಿ ಸಣ್ಣ ಹಗಲಿನ ಆಸುಪಾಸು, ಡಿಸೆಂಬರ್ ಕೊನೆಯಲ್ಲಿ, ಸೂರ್ಯ ಉಜಿ ಸೇತುವೆಯ ತೋರಿಯ ನಟ್ಟನಡುವೆ ಏಳುತ್ತಾನೆ. ಆ ಬೆಳಗ್ಗೆ ಸೇತುವೆಯ ಮುಂದೆ ಕ್ಯಾಮೆರಾ ಹಿಡಿದ ಜನಜಂಗುಳಿ. ಒಂದೆರಡು ವಾರ ಹಿಂದೆ ಮುಂದೆ ಹೋದರೂ ಸೂರ್ಯ ಹೆಚ್ಚುಕಡಿಮೆ ಅಲ್ಲೇ ಕಾಣುತ್ತಾನೆ, ಜನ ಮಾತ್ರ ಕಡಿಮೆ.

ಜೂನ್ ಮಳೆಗಾಲ, ಸೆಪ್ಟೆಂಬರ್ ಚಂಡಮಾರುತದ ಕಾಲ. ಮಳೆ ಬಿದ್ದರೆ ನೈಕೂವಿನ ನದಿಯ ಪಾವಟಿಗೆಯ ಕಲ್ಲು ಜಾರುತ್ತದೆ. ನೀರು ಏರಿದಾಗ ಅಲ್ಲಿಗೆ ಬಿಡುವುದೂ ಇಲ್ಲ.

ಉಡುಪಿನ ಬಗ್ಗೆ ಕಟ್ಟುನಿಟ್ಟಾದ ನಿಯಮವೇನಿಲ್ಲ, ಮೈತುಂಬ ಬಟ್ಟೆ ಇದ್ದರೆ ಸಾಕು. ಚಪ್ಪಲಿ ಬಿಚ್ಚಬೇಕಿಲ್ಲ. ಬಿಚ್ಚಿ ನಡೆದರೆ ಜಲ್ಲಿ ಕಾಲಿಗೆ ಚುಚ್ಚುತ್ತದೆ, ಕಾವಲಿನವರೂ ಗಾಬರಿಯಾಗುತ್ತಾರೆ. ತಳ ಗಟ್ಟಿಯಿರುವ ಷೂ ಹಾಕಿ. ಮುಖ್ಯ ಗುಡಿಯ ಮುಂದೆ ಟೋಪಿ ತೆಗೆಯಬೇಕು. ಚಳಿಗಾಲದಲ್ಲಿ ಮೇಲುಕೋಟು, ಮಫ್ಲರನ್ನೂ ತೆಗೆದು ಕೈಯಲ್ಲಿ ಹಿಡಿಯುವುದು ವಾಡಿಕೆ. ಹೂವು, ಹಣ್ಣು, ತೆಂಗಿನಕಾಯಿ ಒಯ್ಯಬೇಡಿ, ತೆಗೆದುಕೊಳ್ಳುವವರು ಯಾರೂ ಇಲ್ಲ. ಮನೆಯಲ್ಲಿ ಸಾವಾಗಿದ್ದರೆ 50 ದಿನ ಗುಡಿಗೆ ಹೋಗದಿರುವುದು ಜಪಾನಿನ ಪದ್ಧತಿ. ಸೂತಕ ಎಂದರೇನೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ಗೆಕೂ

ಸಣ್ಣ ಸೇತುವೆ ದಾಟಿ ಒಳಗೆ ಬನ್ನಿ. ಗೆಕೂವಿನಲ್ಲಿ ದಾರಿಯ ಎಡಬದಿಯಲ್ಲಿ ನಡೆಯಬೇಕು, ನೈಕೂವಿನಲ್ಲಿ ಬಲಬದಿಯಲ್ಲಿ. ಕೈ ತೊಳೆಯುವ ಜಾಗ ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ ಇರುವುದರಿಂದ ಹೀಗೆ ಎನ್ನುತ್ತಾರೆ. ದಾರಿಯ ನಟ್ಟನಡುವೆ ನಡೆಯುವುದು ಎಲ್ಲೂ ಸಲ್ಲ, ಅದು ದೇವರ ದಾರಿ.

ಕೈ ತೊಳೆಯುವ ಕ್ರಮ: ಸೌಟನ್ನು ಬಲಗೈಯಲ್ಲಿ ಹಿಡಿದು ತುಂಬ ನೀರು ತೆಗೆದುಕೊಳ್ಳಿ. ಮೊದಲು ಎಡಗೈ ತೊಳೆಯಿರಿ, ಸೌಟು ಬದಲಿಸಿ ಬಲಗೈ. ಮತ್ತೆ ಸೌಟು ಬಲಗೈಗೆ ಬರಲಿ. ಎಡಗೈ ಬೊಗಸೆಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಿ ಪಕ್ಕದ ಮೋರಿಗೆ ಉಗುಳಿ, ಎಡಗೈಯನ್ನು ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು ಅದೂ ತೊಳೆಯುತ್ತದೆ. ಇಷ್ಟೂ ಒಂದೇ ಸೌಟು ನೀರಿನಲ್ಲಿ ಆಗಬೇಕು, ಅದಕ್ಕೇ ಮೊದಲು ತುಂಬ ತೆಗೆದುಕೊಳ್ಳುವುದು. ನಮ್ಮವರು ಮಾಡುವ ತಪ್ಪು ಎರಡು: ಸೌಟಿಗೆ ಬಾಯಿ ಹಚ್ಚುವುದು, ತೀರ್ಥವೆಂದು ಕುಡಿಯುವುದು. ಇದು ಕೈಬಾಯಿ ಶುದ್ಧಿಯ ನೀರು, ಅಷ್ಟೆ. ಸೌಟು ಇಡದೆ ನಳಿಕೆಯಿಂದ ನೀರು ಬೀಳುತ್ತಿದ್ದರೆ ಅದರ ಕೆಳಗೆ ಕೈ ಹಿಡಿದರೆ ಸಾಕು.

ಪ್ರತಿ ತೋರಿಯ ಮುಂದೆ ನಿಂತು ಸ್ವಲ್ಪ ತಲೆಬಾಗಿ ಮುಂದಕ್ಕೆ ಹೋಗಿ. ಎರಡು ತೋರಿ ದಾಟಿ, ಕಗುರಾ (ದೇವರಿಗೆ ಅರ್ಪಿಸುವ ನೃತ್ಯ) ಮಂಟಪದ ಮುಂದಿನಿಂದ ಸಾಗಿದರೆ ಮುಖ್ಯ ಗುಡಿ. ಇಲ್ಲಿ ಮೆಟ್ಟಿಲುಗಳಿಲ್ಲ. ಮೊಣಕಾಲು ನೋವಿರುವ ಹಿರಿಯರಿಗೆ ಎರಡು ಗುಡಿಗಳಲ್ಲಿ ಇದೇ ಸುಲಭ. ಗಾಲಿಕುರ್ಚಿಯೂ ಎರವಲು ಸಿಗುತ್ತದೆ.

ಕೈಮುಗಿಯುವ ಕ್ರಮ ಎರಡೂ ಗುಡಿಗಳಲ್ಲಿ ಒಂದೇ. ಸೊಂಟದಿಂದ ಆಳವಾಗಿ ಎರಡು ಸಲ ಬಾಗಿ. ಎದೆಯ ಮಟ್ಟದಲ್ಲಿ ಕೈಜೋಡಿಸಿ, ಬಲಗೈಯನ್ನು ತುಸು ಕೆಳಗೆ ಜಾರಿಸಿ ಎರಡು ಸಲ ಚಪ್ಪಾಳೆ ತಟ್ಟಿ. ಕೈಜೋಡಿಸಿಕೊಂಡೇ ಪ್ರಾರ್ಥಿಸಿ, ಇನ್ನೊಮ್ಮೆ ಆಳವಾಗಿ ಬಾಗಿ ಪಕ್ಕಕ್ಕೆ ಸರಿಯಿರಿ. ಇಲ್ಲಿನ ಅರ್ಚಕರು ಎಂಟು ಸಲ ಬಾಗಿ ಎಂಟು ಸಲ ಚಪ್ಪಾಳೆ ತಟ್ಟುತ್ತಾರೆ. ಅದನ್ನು ನೋಡಿ ಅನುಕರಿಸಬೇಕಿಲ್ಲ. ಅಡ್ಡಬೀಳುವುದು ಬೇಡ, ಪ್ರದಕ್ಷಿಣೆಗೆ ದಾರಿಯೇ ಇಲ್ಲ. ಹುಂಡಿಯೂ ಇಲ್ಲ: ಹಿಂದೆ ಇಲ್ಲಿ ಕಾಣಿಕೆ ಅರ್ಪಿಸುವ ಅಧಿಕಾರ ಚಕ್ರವರ್ತಿಗೆ ಮಾತ್ರವಿತ್ತು. ಈಗ ಜನ ಹಾಕುವ ನಾಣ್ಯಗಳಿಗೆಂದು ಬಿಳಿ ಬಟ್ಟೆ ಹಾಸಿರುತ್ತಾರೆ. ಹಾಕದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮುಖ್ಯ ಗುಡಿಯಲ್ಲಿ ಕೃತಜ್ಞತೆ ಹೇಳಬೇಕು, ಸ್ವಂತದ ಹರಕೆ ಬೇಡಿಕೆಗಳನ್ನು ಪಕ್ಕದ ಗುಡಿಯಲ್ಲಿ ಹೇಳಿಕೊಳ್ಳಬೇಕು ಎಂಬುದು ಜನರ ನಂಬಿಕೆ. ಗೆಕೂವಿನಲ್ಲಿ ಆ ಪಕ್ಕದ ಗುಡಿ ತಾಕಾ ನೊ ಮಿಯಾ, 98 ಕಲ್ಲುಮೆಟ್ಟಿಲು ಹತ್ತಬೇಕು.

ಹತ್ತುವ ಮೊದಲು ಮುಖ್ಯ ಗುಡಿಯ ಪಕ್ಕದಲ್ಲಿರುವ ಖಾಲಿ ಜಾಗದ ಮುಂದೆ ಐದು ನಿಮಿಷ ನಿಲ್ಲಿ. ಹೆಚ್ಚಿನವರು ಇದನ್ನು ಗಮನಿಸದೆ ದಾಟಿಬಿಡುತ್ತಾರೆ. ಗುಡಿಯಷ್ಟೇ ಅಗಲದ ನಿವೇಶನ, ಮೇಲೆ ಜಲ್ಲಿ, ನಡುವೆ ಪುಟ್ಟದೊಂದು ಮರದ ಗೂಡು. ಇಸೆಯ ಗುಡಿಗಳನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ, ಅದೇ ಅಳತೆಯಲ್ಲಿ ಕಟ್ಟಿ, ದೇವರನ್ನು ರಾತ್ರಿ ಹೊತ್ತು ಅಲ್ಲಿಗೆ ಬಿಜಯಂಗೈಸಿ, ಹಳೆಯದನ್ನು ಬಿಚ್ಚುತ್ತಾರೆ. ಮೊದಲ ಸಲ ನೈಕೂವಿನಲ್ಲಿ ಹೀಗೆ ನಡೆದದ್ದು 690ರಲ್ಲಿ, ಜಿತೊ ಚಕ್ರವರ್ತಿನಿಯ ಕಾಲದಲ್ಲಿ. ಯುದ್ಧಗಳ ಕಾಲದಲ್ಲಿ 120 ವರ್ಷಕ್ಕೂ ಮಿಕ್ಕಿ ನಿಂತುಹೋಗಿತ್ತು. 62ನೆಯದು 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಅದರ ಮೊದಲ ವಿಧಿಗಳು 2025ರಲ್ಲೇ ಶುರುವಾಗಿವೆ. ಕಂಬಗಳಿಗೆ ಕಲ್ಲಿನ ಪೀಠವಿಲ್ಲ, ನೇರ ಮಣ್ಣಿಗೆ ಹೂಳುತ್ತಾರೆ. ಚಾವಣಿಗೆ ಹುಲ್ಲು. ಇಂಥ ಕಟ್ಟಡ ಮಳೆಯ ನಾಡಿನಲ್ಲಿ ಬಹಳ ಕಾಲ ಬಾಳುವುದಿಲ್ಲ. ಬಡಗಿಗಳ ಕೈಚಳಕ ತಲೆಮಾರಿನಿಂದ ತಲೆಮಾರಿಗೆ ದಾಟಲು 20 ವರ್ಷ ಸರಿಯಾದ ಅಂತರವೂ ಹೌದು. ಆ ಖಾಲಿ ಜಾಗದ ಗೂಡಿನ ಕೆಳಗಿರುವುದು ಗುಡಿಯ ನಡುಗಂಬದ ಸ್ಥಳ.

ಇದರ ಕೆಲಸ ಹತ್ತಿರದಿಂದ ನೋಡಬೇಕೆಂದರೆ ಬಾಗಿಲ ಬಳಿಯ ಕೊಳದ ದಂಡೆಯಲ್ಲಿರುವ ಸೆಂಗೂಕಾನ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಗೆಕೂ ಮುಖ್ಯ ಗುಡಿಯ ಒಂದು ಭಾಗದ ನಿಜ ಅಳತೆಯ ಪ್ರತಿಕೃತಿ ಅಲ್ಲಿದೆ. ನಿಜವಾದ ಗುಡಿಯನ್ನು ಅಷ್ಟು ಹತ್ತಿರದಿಂದ ನೀವೆಂದೂ ನೋಡಲಾರಿರಿ.

ತಾಕಾ ನೊ ಮಿಯಾಕ್ಕೆ ಹೋಗುವ ದಾರಿಯ ಬಳಿ ಹಗ್ಗ ಕಟ್ಟಿದ ಮೂರು ಕಲ್ಲುಗಳ ಮೇಲೆ ಕೈಯೊಡ್ಡಿ 'ಶಕ್ತಿ' ಹೀರಿಕೊಳ್ಳುವವರು ಕಾಣಿಸಬಹುದು. ಇದು ಇತ್ತೀಚಿನ ಹುಚ್ಚು. ಆ ಕಲ್ಲುಗಳು ಮರುನಿರ್ಮಾಣದ ಸಂದರ್ಭದ ಶುದ್ಧೀಕರಣ ವಿಧಿ ನಡೆಯುವ ಜಾಗದ ಗುರುತು, ಬೆಚ್ಚಗಾಗುವ ಯಾವ ಗುಣವೂ ಅವಕ್ಕಿಲ್ಲ.

ಗೆಕೂವಿನಲ್ಲಿ ದೇವರಿಗೆ ದಿನಕ್ಕೆರಡು ಹೊತ್ತು ನೈವೇದ್ಯವಾಗುತ್ತದೆ, ಸುಮಾರು 1,500 ವರ್ಷಗಳ ಪದ್ಧತಿ. ಅಮತೆರಾಸುವಿನ ಊಟದ ಉಸ್ತುವಾರಿಗೆಂದೇ ತೊಯೊಉಕೆಯನ್ನು ಇಲ್ಲಿಗೆ ಕರೆತಂದರು ಎಂಬುದು ಸ್ಥಳಪುರಾಣ. ಬೆಂಕಿ ಮರಕ್ಕೆ ಮರ ಉಜ್ಜಿ ಹೊತ್ತಿಸಿದ್ದು, ಅಕ್ಕಿ ಮತ್ತು ಉಪ್ಪು ಜಿಂಗೂವಿನ ಸ್ವಂತ ಗದ್ದೆ, ಸ್ವಂತ ಉಪ್ಪಿನ ಅಂಗಳದ್ದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗ್ಗೆ 8 ಮತ್ತು ಸಂಜೆ 4ಕ್ಕೆ, ಉಳಿದ ತಿಂಗಳು 9 ಮತ್ತು 3ಕ್ಕೆ. ವಿಧಿ ಬೇಲಿಯೊಳಗೆ ನಡೆಯುತ್ತದೆ. ಬಿಳಿಯುಡುಪಿನ ಅರ್ಚಕರು ಮರದ ಪೆಟ್ಟಿಗೆ ಹೊತ್ತು ಸಾಲಾಗಿ ಹೋಗುವುದಷ್ಟೇ ಕಣ್ಣಿಗೆ ಬೀಳಬಹುದು. ಆಗ ಬದಿಗೆ ಸರಿದು ಸುಮ್ಮನೆ ನಿಲ್ಲಿ.

ನೈಕೂ

ಗೆಕೂವಿನ ಎದುರೇ ಬಸ್ ನಿಲ್ದಾಣ. 51 ಅಥವಾ 55ನೇ ನಂಬರಿನ ಬಸ್ಸು ಹಿಡಿದರೆ 15–20 ನಿಮಿಷದಲ್ಲಿ ನೈಕೂ ಮುಂದೆ. ಶೌಚಾಲಯಕ್ಕೆ ಸೇತುವೆ ದಾಟುವ ಮುಂಚೆಯೇ ಹೋಗಿಬನ್ನಿ.

ಇಸುಜು ನದಿಯ ಮೇಲಿನ ಉಜಿ ಸೇತುವೆ 101.8 ಮೀಟರ್ ಉದ್ದ, ಮರದ್ದು. ಇದೂ 20 ವರ್ಷಕ್ಕೊಮ್ಮೆ ಹೊಸದಾಗುತ್ತದೆ, ಈಗಿನದು 2009ರದ್ದು. ಎರಡು ತುದಿಯ ತೋರಿಗಳ ಕಂಬಗಳನ್ನು ಮುಟ್ಟಿ ನೋಡಿ: ಅವು ಹಿಂದಿನ ಮುಖ್ಯ ಗುಡಿಗಳ ಮಾಡಿನ ತುದಿಯನ್ನು ಹೊತ್ತಿದ್ದ ಕಂಬಗಳು. ಗುಡಿಯಲ್ಲಿ 20 ವರ್ಷ, ಇಲ್ಲಿ 20 ವರ್ಷ, ಆಮೇಲೆ ಹಳೆಯ ಹೆದ್ದಾರಿಯ ಸೆಕಿ ಮತ್ತು ಕುವಾನಾ ಊರುಗಳ ಯಾತ್ರಾದ್ವಾರಗಳಲ್ಲಿ ಇನ್ನೂ 20 ವರ್ಷ. ಸೇತುವೆಯ ಮೇಲಿನಿಂದ ನದಿಯ ಮೇಲುಗಡೆಗೆ ಬಗ್ಗಿ ನೋಡಿದರೆ ನೀರಿನಲ್ಲಿ ಸಾಲಾಗಿ ನೆಟ್ಟ ಗೂಟಗಳು ಕಾಣುತ್ತವೆ. ನೆರೆಯಲ್ಲಿ ತೇಲಿಬರುವ ದಿಮ್ಮಿಗಳು ಸೇತುವೆಯ ಕಾಲಿಗೆ ಬಡಿಯದಂತೆ ತಡೆಯುವ ಗೂಟಗಳು.

ಸೇತುವೆ ಇಳಿದು ಬಲಕ್ಕೆ ತಿರುಗಿ. ಹುಲ್ಲುಹಾಸಿನ ತೋಟ, ಮೊದಲ ತೋರಿ ದಾಟಿದರೆ ಬಲಗಡೆ ನದಿಗೆ ಇಳಿಯುವ ಕಲ್ಲುಹಾಸಿನ ಪಾವಟಿಗೆ. ಶೋಗುನ್ (ಸೇನಾಡಳಿತಗಾರ) ತ್ಸುನಯೋಶಿಯ ತಾಯಿ ಕೆಯಿಶೋಇನ್ 1692ರಲ್ಲಿ ಹಾಕಿಸಿದ್ದೆಂದು ಪ್ರತೀತಿ. ಕುಕ್ಕರಗಾಲಿನಲ್ಲಿ ಕೂತು ಇಲ್ಲೇ ಕೈ ತೊಳೆಯಬಹುದು. ನಾಣ್ಯ ಎಸೆಯಬೇಡಿ, ಕಾಲು ತೊಳೆಯಬೇಡಿ.

ಇಲ್ಲಿಂದ ಮುಂದೆ ಕಾಡು ದಟ್ಟವಾಗುತ್ತದೆ, ನಡಿಗೆ ನಿಧಾನವಾಗಲಿ. ದಾರಿಬದಿಯ ಸುಗಿ (ಜಪಾನಿ ಸೀಡರ್) ಮರಗಳು ನೂರಾರು ವರ್ಷದವು. ಕೆಲವಕ್ಕೆ ಆಳೆತ್ತರದವರೆಗೆ ಬಿದಿರಿನ ಸೀಳುಗಳನ್ನು ಸುತ್ತಿ ಕಟ್ಟಿರುವುದನ್ನು ನೋಡುತ್ತೀರಿ. ಅದು ಅಲಂಕಾರವಲ್ಲ. ಪುಣ್ಯ ಬರಲೆಂದು ತಬ್ಬುವವರ, ತೊಗಟೆ ಕೀಳುವವರ ಕೈಯಿಂದ ಮರ ಉಳಿಸಿಕೊಳ್ಳುವ ಉಪಾಯ. ಬಿದಿರಿಲ್ಲದ ಮರಗಳ ತೊಗಟೆ ಕೈಯೆಟುಕುವ ಎತ್ತರದಲ್ಲಿ ಸವೆದು ನುಣುಪಾಗಿದೆ. ನೀವೂ ಮುಟ್ಟಬೇಡಿ.

ಜಿಂಗೂವಿನ ಕಾಡು ಸುಮಾರು 5,500 ಹೆಕ್ಟೇರ್, ಇಸೆ ಪಟ್ಟಣದ ಕಾಲು ಭಾಗದಷ್ಟು. ಕೊಡಗಿನ ದೇವರಕಾಡು ಕಂಡವರಿಗೆ ಇದರ ಗುಡಿ ಸುತ್ತಲಿನ ಭಾಗ ಥಟ್ಟನೆ ಅರ್ಥವಾಗುತ್ತದೆ, ಅಲ್ಲಿ ಕೊಡಲಿ ಬೀಳುವುದಿಲ್ಲ. ಆದರೆ ಹಿಂದಿನ ಬೆಟ್ಟಗಳ ಕಥೆ ಬೇರೆ. ಎದೊ ಕಾಲದಲ್ಲಿ (1603–1868) ಲಕ್ಷಗಟ್ಟಲೆ ಬಂದ ಯಾತ್ರಿಕರ ಒಲೆಗಳಿಗೆ ಸೌದೆ ಒದಗಿಸಿ ಆ ಬೆಟ್ಟಗಳು ಬೋಳಾದವು. ನೀರು ಹಿಡಿದಿಡಲು ಮರವಿಲ್ಲದೆ 1918ರಲ್ಲಿ ಇಸುಜು ನದಿ ಉಕ್ಕಿ ಊರಿಗೆ ನುಗ್ಗಿತು. 1923ರಲ್ಲಿ ಇನ್ನೂರು ವರ್ಷದ ಯೋಜನೆಯೊಂದನ್ನು ಹಾಕಿಕೊಂಡು ಅಲ್ಲಿ ಹಿನೋಕಿ (ಜಪಾನಿ ಸೈಪ್ರೆಸ್) ಮರ ಬೆಳೆಸತೊಡಗಿದರು. ಒಂದು ಸಲದ ಮರುನಿರ್ಮಾಣಕ್ಕೆ ಬೇಕಾಗುವುದು ಹತ್ತು ಸಾವಿರದಷ್ಟು ಹಿನೋಕಿ ದಿಮ್ಮಿ. ಶತಮಾನಗಳ ಕಾಲ ಅವು ಕಿಸೊ ಬೆಟ್ಟಗಳಿಂದ ಬರುತ್ತಿದ್ದವು. 2013ರಲ್ಲಿ, ಸುಮಾರು 700 ವರ್ಷಗಳ ನಂತರ ಮೊದಲ ಬಾರಿಗೆ, ಕಾಲು ಭಾಗದಷ್ಟು ಮರ ಸ್ವಂತ ಕಾಡಿನಿಂದಲೇ ಸಿಕ್ಕಿತು. ಆ ಬೆಟ್ಟಗಳಿಗೆ ಪ್ರವಾಸಿಗರನ್ನು ಬಿಡುವುದಿಲ್ಲ.

ಸೇತುವೆಯಿಂದ 15–20 ನಿಮಿಷಕ್ಕೆ ಮುಖ್ಯ ಗುಡಿಯ ಕಲ್ಲುಮೆಟ್ಟಿಲು. ಫೋಟೊ ತೆಗೆಯುವುದಿದ್ದರೆ ಮೆಟ್ಟಿಲ ಕೆಳಗಿನಿಂದಲೇ. ಮೇಲೆ ಹೋದಮೇಲೆ ಫೋನನ್ನು ಜೇಬಿಗೆ ಹಾಕಿಬಿಡಿ. ನೂಕುನುಗ್ಗಲಿನ ದಿನ ಮೆಟ್ಟಿಲ ಮೇಲೆ ಉದ್ದ ಸಾಲು ನಿಂತಿರುತ್ತದೆ. ಅದರಲ್ಲಿ ಬಹುಪಾಲು ಜನ ನಟ್ಟನಡುವೆ ನಿಲ್ಲಲೆಂದೇ ಕಾಯುತ್ತಿರುವವರು. ಬದಿಯಲ್ಲಿ ನಿಂತು ಕೈಮುಗಿದರೂ ಅಷ್ಟೇ ಫಲ, ಬೇಗನೆ ಮುಗಿಯುತ್ತದೆ. ಗಾಳಿ ಬಂದು ಪರದೆ ಮೇಲೆದ್ದರೆ ಒಳಗಿನ ಅಂಗಳ ಒಂದು ಕ್ಷಣ ಕಾಣುತ್ತದೆ. ಅದನ್ನು ಶುಭವೆಂದು ಎಣಿಸುತ್ತಾರೆ.

ಗುಡಿಯ ಕಟ್ಟಡ ಸರಿಯಾಗಿ ನೋಡಬೇಕೆಂದರೆ ಇಳಿದು ಅರಮಾತ್ಸುರಿ ನೊ ಮಿಯಾ ಎಂಬ ಪಕ್ಕದ ಗುಡಿಯ ಕಡೆಗೆ ಹೋಗಿ. ದಾರಿಯಲ್ಲಿ ಭತ್ತದ ಉಗ್ರಾಣವೊಂದಿದೆ, ಮಿಶಿನೆ ನೊ ಮಿಕುರಾ. ಮುಖ್ಯ ಗುಡಿಯದೇ ಶೈಲಿ, ಕೆಲವೇ ಹೆಜ್ಜೆ ದೂರದಿಂದ ನೋಡಬಹುದು: ಬಣ್ಣವಿಲ್ಲದ ಹಿನೋಕಿ ಹಲಗೆ, ಮಣ್ಣಿಗಿಳಿದ ಕಂಬ, ಹುಲ್ಲಿನ ದಪ್ಪ ಚಾವಣಿ. ಚಾವಣಿಯ ತುದಿಯಲ್ಲಿ ಕತ್ತರಿಯಂತೆ ಮೇಲೆದ್ದ ಮರಗಳ ಕೊನೆ ನೈಕೂವಿನಲ್ಲಿ ಅಡ್ಡಕ್ಕೆ, ಗೆಕೂವಿನಲ್ಲಿ ನೆಟ್ಟಗೆ ಕತ್ತರಿಸಿರುತ್ತದೆ. ಮುಖ್ಯ ಗುಡಿಯ ಮಾಡಿನ ಮೇಲೆ ಅಡ್ಡಲಾಗಿ ಇಟ್ಟ ದಿಮ್ಮಿಗಳು ನೈಕೂವಿನಲ್ಲಿ 10, ಗೆಕೂವಿನಲ್ಲಿ 9.

ಅರಮಾತ್ಸುರಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಕಾಲ ಕೆಳಗೆ ನೋಡಿಕೊಂಡು ನಡೆಯಿರಿ. ಒಂದು ಕಲ್ಲು ಬಿರುಕುಬಿಟ್ಟಿದೆ. ಬಿರುಕುಗಳು ಸೇರಿ 'ಆಕಾಶ' ಎಂಬರ್ಥದ ಜಪಾನಿ ಅಕ್ಷರದಂತೆ ಕಾಣುತ್ತವೆ. ಅದನ್ನು ಯಾರೂ ತುಳಿಯುವುದಿಲ್ಲ, ಬಳಸಿಕೊಂಡು ಇಳಿಯುತ್ತಾರೆ. ಹರಕೆ ಹೇಳಿಕೊಳ್ಳುವವರಿಗೆ ನೈಕೂವಿನ ಜಾಗ ಈ ಗುಡಿಯೇ. ಹೊತ್ತಿದ್ದರೆ ಸಣ್ಣ ಸೇತುವೆಯಾಚೆಯ ಗಾಳಿದೇವರ ಗುಡಿ ಕಜಾಹಿನೊಮಿ ನೊ ಮಿಯಾಕ್ಕೂ ಹೋಗಿ. ಮಂಗೋಲರ ಹಡಗುಗಳನ್ನು ಬಿರುಗಾಳಿ ಹಿಮ್ಮೆಟ್ಟಿಸಿದ ಮೇಲೆ, 1293ರಲ್ಲಿ, ಅದಕ್ಕೆ ದೊಡ್ಡ ಪದವಿ ಸಿಕ್ಕಿತು. ಅಲ್ಲಿ ಜನ ಕಡಿಮೆ.

ತಾಯಿತ ಮತ್ತು ಗುಡಿಗೆ ಬಂದದ್ದರ ಗುರುತಾಗಿ ಪುಸ್ತಕದಲ್ಲಿ ಹಾಕಿಕೊಡುವ ಮುದ್ರೆ ಸಿಗುವುದು ಕಗುರಾ ಮಂಟಪದ ಬಳಿ. ಪೂಜೆ ಮುಗಿಸಿಯೇ ಮುದ್ರೆ ಹಾಕಿಸಿಕೊಳ್ಳಬೇಕು. ಬೇರೆ ಗುಡಿಗಳ ವೈಭವದ ಬರಹ ನಿರೀಕ್ಷಿಸಬೇಡಿ, ಇಸೆಯದು ಬರೀ ಕೆಂಪು ಮುದ್ರೆ ಮತ್ತು ತಾರೀಖು.

ಊಟ, ವಾಪಸು

ಸೇತುವೆಯ ಈಚೆಗೆ ಓಹರಾಯಿ ಬೀದಿ. ಹೆಚ್ಚಿನ ಅಂಗಡಿ ತೆರೆಯುವುದು ಒಂಬತ್ತರ ಮೇಲೆ. 1707ರಿಂದ ನಡೆಯುತ್ತಿರುವ ಅಕಾಫುಕು ಎಂಬ ಸಿಹಿತಿಂಡಿಯ ಮುಖ್ಯ ಅಂಗಡಿ ಮಾತ್ರ ಬೆಳಗ್ಗೆ 5ಕ್ಕೇ ತೆರೆಯುತ್ತದೆ. ಅಂಟಕ್ಕಿಯ ಬಿಳಿ ಮುದ್ದೆಯ ಮೇಲೆ ಸಿಹಿ ಕೆಂಪು ಅಲಸಂದೆಯಂಥ ಕಾಳಿನ ಹೂರಣ, ಅದರ ಮೇಲೆ ಬೆರಳಿನ ಮೂರು ಗೆರೆ: ಇಸುಜು ನದಿಯ ಹರಿವು, ಕೆಳಗಿನ ಬಿಳಿ ಮುದ್ದೆ ನದಿಯ ಕಲ್ಲು. ಸಸ್ಯಾಹಾರಿಗಳಿಗೆ ನಿಶ್ಚಿಂತೆಯ ತಿಂಡಿ ಇದೊಂದೇ ಎನ್ನಬಹುದು. ಇಸೆ ಉದೋನ್ ನೋಡಲು ಬರೀ ಶಾವಿಗೆ ಮತ್ತು ಕಪ್ಪು ಸೋಯಾ ರಸ. ಆದರೆ ಆ ರಸಕ್ಕೆ ಒಣಮೀನಿನ ಸಾರು ಸೇರಿರುತ್ತದೆ, ಮೀನು ತೆಗೆದು ಕೊಡಿ ಎಂದರೆ ಆಗುವುದಿಲ್ಲ. ಕಟ್ಟುನಿಟ್ಟಿನವರು ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು ಹೋಗಿ, ಗುಡಿಯ ಆವರಣದೊಳಗೆ ತಿನ್ನಬೇಡಿ. ಅಕಾಫುಕು ಡಬ್ಬಿಯನ್ನು ಬೆಂಗಳೂರಿಗೆ ಒಯ್ಯುವ ಆಸೆ ಬೇಡ: ಬೇಸಿಗೆಯಲ್ಲಿ ಎರಡು ದಿನ, ಚಳಿಗಾಲದಲ್ಲಿ ಮೂರು ದಿನಕ್ಕೆ ಅದರ ಅವಧಿ ಮುಗಿಯುತ್ತದೆ.

ವಾಪಸಾಗುವಾಗ ಇಸೆಶಿಗೇ ಹೋಗಬೇಕೆಂದಿಲ್ಲ. ಕಿಂತೆತ್ಸು ಟಿಕೆಟ್ ಇದ್ದವರಿಗೆ ಇಸುಜುಗಾವಾ ನಿಲ್ದಾಣ ಹತ್ತಿರ. ವಾರಾಂತ್ಯದ ಮಧ್ಯಾಹ್ನ ನೈಕೂ ಮುಂದಿನ ರಸ್ತೆಯಲ್ಲಿ ವಾಹನಗಳು ಗಟ್ಟಿಯಾಗಿ ನಿಂತುಬಿಡುತ್ತವೆ, ಬಸ್ಸಿನಲ್ಲಿ ಕೂತವರು ರೈಲು ತಪ್ಪಿಸಿಕೊಳ್ಳುತ್ತಾರೆ. ಅಂಥ ದಿನ ನಡೆದುಬಿಡಿ. ದಾರಿ ಸಮತಟ್ಟು, ಸುಮಾರು ಅರ್ಧ ಗಂಟೆ. ಎಕ್ಸ್‌ಪ್ರೆಸ್ ಟಿಕೆಟ್ಟನ್ನು ಬೆಳಗ್ಗೆ ಇಳಿದಾಗಲೇ ತೆಗೆದಿಟ್ಟುಕೊಂಡಿದ್ದರೆ ಸಂಜೆ ಕೂರಲು ಜಾಗ ಖಾತ್ರಿ.